ಅಯ್ಯಮ್ಮ ಹೊಲಿದ ಅರ್ಧ ಚೀಲ

ಅಯ್ಯಮ್ಮನನ್ನು ವಿಧವೆ ಮಾಡಿದವನು ನಾನು. ಅವಳ ಗಂಡ ಸಮುದ್ರದಾಚೆ ರಂಗೂನಿನಲ್ಲಿ ಕೂತು ಅಕ್ಕಿ ಚೀಲ ಹೊಲಿಯುತ್ತಿದ್ದ. ನಾನು ಸಿಂಧನೂರಿನಲ್ಲಿ ಕೂತು, ಟಾಕನ್ನು ಮಸಿಗೆ ಅದ್ದಿ, ಒಂದೇ ಶಬ್ದದಲ್ಲಿ ಅವನನ್ನು ಮುಗಿಸಿಬಿಟ್ಟೆ. ಅವಳ ಬಾಳಿನ ಕಥೆಯನ್ನು ಅಲ್ಲಿಂದಲೇ ಶುರು ಮಾಡಬೇಕು. ಬೇರೆ ಕಡೆಯಿಂದ ಶುರು ಮಾಡಿದರೆ ನನ್ನ ತಪ್ಪನ್ನು ನಾನೇ ಮುಚ್ಚಿಟ್ಟ ಹಾಗಾಗುತ್ತದೆ.

ಅದು ೧೯೪೯. ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮರ ಸೀಮೆ ಹಿಂದುಸ್ತಾನಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಎಲ್ಲೆಲ್ಲೂ ಧಾನ್ಯದ ಕೊರತೆ. ಸಿಂಧನೂರಿನಲ್ಲಿ ರೇಷನ್ ಡಿಪೋ ತೆರೆದಿದ್ದರು. ಲಿಂಗಸುಗೂರಿನ ಮರಿಸ್ವಾಮಿಯಾದ ನಾನು ಅಲ್ಲಿ ಕಾರಕೂನನಾಗಿ ಬಂದು ಬಿದ್ದಿದ್ದೆ. ವಯಸ್ಸು ಇಪ್ಪತ್ಮೂರು. ಉರ್ದು ಸೊಗಸಾಗಿ ಬರೆಯುತ್ತಿದ್ದೆ, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದೆ, ಅಷ್ಟಕ್ಕೇ ನನ್ನ ಸಮಾನ ಯಾರಿಲ್ಲ ಎಂದುಕೊಂಡಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಮೂಗು ಮಾತ್ರ ಜೋತುಬಿದ್ದಿದೆ.

ಕಾರ್ಡು ಬರೆಸಿಕೊಳ್ಳಲು ಜನ ಬೀದಿಯ ತಿರುವಿನವರೆಗೆ ಸಾಲುಗಟ್ಟಿದ್ದರು. ಅಯ್ಯಮ್ಮನ ಸರದಿ ಬಂತು. ಮೂವತ್ತರ ಆಸುಪಾಸಿನ ಹೆಂಗಸು, ಕೈತುಂಬ ಹಸಿರು ಬಳೆ.

"ಗಂಡನ ಹೆಸರು?"

ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಏ ಬಾಯವ್ವಾ, ಗಂಡನ ಹೆಸರೇನು?"

"ಸೋಮಲಾಪುರದ ಗುಡಿಯಾಗ ಕುಂತಾಳಲ್ರಿ, ಆ ತಾಯಿ ಹೆಸರ್ರಿ, ಸ್ವಾಮ್ಯಾರ."

ನಾನು ಆ ಕಡೆಗೆ ಹೊಸಬ. ಸೋಮಲಾಪುರ ಎಲ್ಲಿ, ಅಲ್ಲಿ ಯಾವ ತಾಯಿ, ನನಗೇನು ಗೊತ್ತು? "ಈಗ ಎಲ್ಲಿ ಅದಾನ?" ಎಂದೆ.

"ಸಮುದ್ರದಾಚಿ ಹೋಗ್ಯಾರ್ರಿ. ಹನ್ನೊಂದು ವರ್ಷ ಆತು."

"ಪತ್ರ?"

"ಇಲ್ರಿ."

"ಯಾರರ ನೋಡಿ ಬಂದಾರೇನು?"

"ಇಲ್ರಿ."

ಹಿಂದಿನವರು ಗದ್ದಲ ಎಬ್ಬಿಸಿದರು. ನನಗೆ ತಲೆಕೆಟ್ಟಿತು. ಹೆಸರಿನ ಮುಂದೆ 'ಬೇವಾ' ಎಂದು ಉರ್ದುವಿನಲ್ಲಿ ಗೀಚಿ, ಮೊಹರು ಕುಟ್ಟಿ ಕೈಗೆ ಕೊಟ್ಟೆ. ಬೇವಾ ಎಂದರೆ ವಿಧವೆ. ಓದು ಬಾರದ ಅಯ್ಯಮ್ಮ ಆ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಹೋದಳು.

ಅವಳ ಪೂರ್ತಿ ಸಂಗತಿ ನನಗೆ ತಿಳಿದದ್ದು ಆಮೇಲೆ, ಹುಸೇನ್‌ಸಾಬನ ಬಾಯಿಂದ. ಅವನು ಡಿಪೋದ ಹಮಾಲರ ಮೇಸ್ತ್ರಿ, ಅಯ್ಯಮ್ಮನ ಹಾಗೆ ಮಸ್ಕಿಯವನು. ಅವಳ ಗಂಡ ಅಂಬಪ್ಪ ಮಸ್ಕಿಯ ಪೇಟೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ಅವನು ಎಡಚ. ಎಡಗೈಯಿಂದ ಧಾನ್ಯದ ಚೀಲ ಹೊಲಿದರೆ ಒಳ್ಳೆಯದಲ್ಲ ಎಂದು ವ್ಯಾಪಾರಿಗಳು ಗೊಣಗುತ್ತಿದ್ದರು. ಕೆಲಸ ತಪ್ಪುವ ಹೊತ್ತು ಬಂದಾಗ ಹೊಸದಾಗಿ ಮದುವೆಯಾಗಿ ಬಂದಿದ್ದ ಅಯ್ಯಮ್ಮ ಒಂದು ಉಪಾಯ ತೆಗೆದಳಂತೆ. ಪ್ರತಿ ಚೀಲಕ್ಕೂ ತನ್ನ ಬಲಗೈಯೂ ಬೀಳಲಿ, ಆಗ ಯಾರೇನು ಅಂದಾರು? ಅಂದಿನಿಂದ ಅವನು ಎಡ ತುದಿಯಿಂದ, ಅವಳು ಬಲ ತುದಿಯಿಂದ ದಬ್ಬಣ ಹಾಕುತ್ತ ಬರುತ್ತಿದ್ದರು. ನಟ್ಟನಡುವೆ ಎರಡು ಸುತಳಿ ಸೇರಿದಾಗ ಒಂದು ಗಂಟು. ಎಲ್ಲರ ಚೀಲಕ್ಕೂ ಗಂಟು ಮೂಲೆಯಲ್ಲಿ ಬಿದ್ದರೆ ಇವರ ಚೀಲಕ್ಕೆ ನಡುವೆ ಬೀಳುತ್ತಿತ್ತು. ಮಸ್ಕಿಯವರು ಅದನ್ನು ನೋಡಿ ಗಂಡಹೆಂಡಿರ ಚೀಲ ಎಂದು ನಗುತ್ತಿದ್ದರು.

ಮದುವೆಯಾದ ಎರಡನೆಯ ವರ್ಷ, ೧೯೩೮ರಲ್ಲಿ, ಕಾಕಿನಾಡದ ಕಡೆಯ ತೆಲುಗು ಮೇಸ್ತ್ರಿಯೊಬ್ಬ ಕೂಲಿಯವರನ್ನು ಕೂಡಿಸಿಕೊಂಡು ಹಡಗು ಹತ್ತಿಸಿದ. ರಂಗೂನಿನ ಅಕ್ಕಿ ಗಿರಣಿಗಳಲ್ಲಿ ಎಡಗೈ ಬಲಗೈ ಯಾರೂ ಕೇಳುವುದಿಲ್ಲ ಎಂದು ಅಂಬಪ್ಪನೂ ಹೋದ. ಮೂರು ವರ್ಷಕ್ಕೆ ಬರುತ್ತೇನೆ ಎಂದಿದ್ದ. ನಾಲ್ಕನೆಯ ವರ್ಷ ಯುದ್ಧ ಬಂದು ಅಲ್ಲಿ ಬಾಂಬು ಬಿತ್ತು. ಲಕ್ಷಾಂತರ ಜನ ಕಾಡು ಬೆಟ್ಟ ದಾಟಿ ನಡೆದೇ ಬಂದರು. ಮುಕ್ಕುಂದದವನೊಬ್ಬ ಕಾಲು ಬಾತುಕೊಂಡು ಬಂದು, ಅಂಬಪ್ಪನನ್ನು ದಾರಿಯಲ್ಲಿ ಎಲ್ಲೂ ಕಾಣಲಿಲ್ಲ ಎಂದ. ಮಸ್ಕಿಯ ಹಿರಿಯರು ಬಳೆ ಒಡೆಸಲು ಎರಡು ಸಲ ಕೂಡಿದರು. ಎರಡನೆಯ ಸಲ ಅಯ್ಯಮ್ಮ ಬಳೆ ಸಮೇತ ಎದ್ದು ಸಿಂಧನೂರಿಗೆ ಬಂದಳು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರೆಲ್ಲರ ನಂಬಿಕೆ. ಅಯ್ಯಮ್ಮನದು ಅದಕ್ಕೂ ಒಂದು ಕೈ ಹೆಚ್ಚು. ಸೋಮಲಾಪುರದ ಅಂಬಾದೇವಿಯನ್ನು 'ಆ ತಾಯಿ' ಎನ್ನುತ್ತಿದ್ದಳು. ಅಂಬಲಿಯನ್ನು ಸಹ ಅಂಬಲಿ ಎನ್ನದೆ 'ಕುಡಿಯೂದು' ಎನ್ನುತ್ತಿದ್ದಳು. ಯುದ್ಧ ಆಗಲಿ, ಬಾಂಬು ಬೀಳಲಿ, ತಾನು ಬಾಯಿ ಬಿಗಿಹಿಡಿದರೆ ಅವನಿಗೆ ಏನೂ ಆಗುವುದಿಲ್ಲ ಎಂದು ನಂಬಿ ಕೂತಿದ್ದಳು. ಆ ನಂಬಿಕೆಯ ಮೇಲೆ ನಾನು ಮೊಹರು ಕುಟ್ಟಿದ್ದೆ.

ಡಿಪೋದ ಪಡಸಾಲೆಯ ತುದಿಯಲ್ಲಿ ಕೂತು ಹರಿದ ಗೋಣಿಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಮರುವರ್ಷದಿಂದ ಅಲ್ಲಿಗೆ ಬರ್ಮಾ ಅಕ್ಕಿ ಬರತೊಡಗಿತು. ಬರ್ಮಾ ದೇಶ ೧೯೪೮ರ ಜನವರಿಯಲ್ಲಿ ಇಂಗ್ಲಿಷರಿಂದ ಬಿಡುಗಡೆಯಾಗಿತ್ತು. ಅವರ ಹತ್ತಿರ ಅಕ್ಕಿ ಇತ್ತು, ಆದರೆ ಮನೆಯೊಳಗೇ ಬಡಿದಾಟ. ನಮ್ಮ ಹತ್ತಿರ ತಿನ್ನುವ ಬಾಯಿ ಬೇಕಾದಷ್ಟು, ಕಾಳಿಲ್ಲ. ಹೊಸದಾಗಿ ಬೇರೆಯಾದ ಎರಡು ಸಂಸಾರಗಳು ಗೋಡೆಯ ಮೇಲಿಂದ ಕೊಟ್ಟು ತೆಗೆದುಕೊಳ್ಳುವ ಹಾಗೆ ವ್ಯವಹಾರ ಶುರುವಾಯಿತು. ಕಲಕತ್ತೆಯಲ್ಲಿ ನೇಯ್ದ ಗೋಣಿ ಖಾಲಿಯಾಗಿ ರಂಗೂನಿಗೆ ಹೋಗುವುದು, ತುಂಬಿಕೊಂಡು ಮದರಾಸಿಗೆ ಇಳಿಯುವುದು, ರೈಲಿನಲ್ಲಿ ರಾಯಚೂರು ಮುಟ್ಟಿ ಅಲ್ಲಿಂದ ಲಾರಿಯಲ್ಲಿ ನಮ್ಮ ಡಿಪೋಕ್ಕೆ ಬರುವುದು. ಜೋಳದ ರೊಟ್ಟಿಯ ಜನ ನಾವು, ಅನ್ನ ಎಂದರೆ ಹಬ್ಬದ ದಿನದ ಊಟ. ದಿನಾ ಅನ್ನ ತಿಂದರೆ ಮೈಯಲ್ಲಿ ಕಸುವು ಉಳಿಯುವುದಿಲ್ಲ ಎಂದು ಸಾಲಗುಂದದವರು ಆ ಅಕ್ಕಿಯನ್ನು ಬೀಸಿ ರೊಟ್ಟಿ ತಟ್ಟಲು ಹೋದರು. ರೊಟ್ಟಿ ಹಂಚಿನ ಮೇಲೆ ಸೀಳಿ ನಾಲ್ಕು ಚೂರಾಯಿತು, ಬೈಗುಳ ಮಾತ್ರ ಇಡಿಯಾಗಿ ನನ್ನ ಪಾಲಿಗೆ ಬಂತು.

೧೯೫೧ರ ಬೇಸಿಗೆಯಲ್ಲಿ ಒಂದು ದಿನ ಹುಸೇನ್‌ಸಾಬ ಲಾರಿಯಿಂದ ಇಳಿಸಿದ ಚೀಲದ ಬಾಯಿಗೆ ಕುಡಗೋಲು ಹಾಕುವುದರಲ್ಲಿದ್ದ. ಅಯ್ಯಮ್ಮ ತೇಪೆ ಬಿಸಾಕಿ ಓಡಿ ಬಂದಳು.

"ಹುಸೇನಣ್ಣಾ, ಕೊಯ್ಯಬ್ಯಾಡ! ಕೈ ತಗೀ!"

ಚೀಲದ ಬಾಯಿಯ ಮೇಲೆ ಬೆರಳಾಡಿಸಿದಳು. ಹೊಲಿಗೆ ಎಡದಿಂದ ಬಂದಿತ್ತು, ಓರೆ ಎಡಗೈಯದು. ನಡುವೆ ಗಂಟು. ಆಮೇಲೆ ಅವಳು ಅಂದು ಬಂದ ಇನ್ನೂರು ಚೀಲಗಳನ್ನೂ ಒಂದೊಂದಾಗಿ ನೋಡಿದಳು. ಅಂಥವು ಇನ್ನೂ ಏಳು ಸಿಕ್ಕವು. ಹುಸೇನ್‌ಸಾಬ ಕುಡಗೋಲು ಕೆಳಗಿಟ್ಟು, "ಸ್ವಾಮ್ಯಾರ, ಇದು ನಮ್ಮ ಅಂಬಪ್ಪನ ಕೈ ಐತ್ರಿ," ಎಂದ.

ನಾನು ನಕ್ಕೆ. ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. "ಇಡೀ ಬರ್ಮಾದಾಗ ಎಡಚ ಅಂಬೋವ ಇವನೊಬ್ಬನ ಏನು?" ಎಂದೆ.

ಅಯ್ಯಮ್ಮ ಬಿಡಲಿಲ್ಲ. "ಎಡಚರು ಇರ್ತಾರ್ರಿ, ಸ್ವಾಮ್ಯಾರ. ಆದ್ರ ಗಂಟು ನಡುವ ಯಾಕ ಹಾಕ್ತಾರ? ಇಲ್ನೋಡ್ರಿ, ಅರ್ಧ ಹೊಲ್ದು, ಚೀಲ ತಿರುವಿ, ನನ್ನರ್ಧಾನೂ ತಾವ ಹೊಲ್ದಾರ."

ನೋಡಿದೆ. ಅವಳು ಹೇಳಿದ ಹಾಗೆಯೇ ಇತ್ತು. ಒಬ್ಬನೇ ಕೂತು ಹೊಲಿಯುವವನು ಒಂದು ಬೀಸಿಗೆ ತುದಿ ಮುಟ್ಟಿಸುವುದು ಬಿಟ್ಟು ಎರಡು ಸುತಳಿ ತೆಗೆದುಕೊಳ್ಳುವುದಕ್ಕೆ ಬೇರೆ ಕಾರಣ ನನಗೂ ಹೊಳೆಯಲಿಲ್ಲ.

ಚೀಲದ ಮೇಲೆ ಕಪ್ಪು ಮಸಿಯಲ್ಲಿ ಗಿರಣಿಯ ನಂಬರು, ಕೆಳಗೆ ರಂಗೂನ್ ಎಂದು ಇಂಗ್ಲಿಷಿನಲ್ಲಿತ್ತು. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಎಡಗೈಯಿಂದ ಚೀಲ ಹೊಲಿಯುವ ಅಂಬಪ್ಪನಿಗೆ ಮುಟ್ಟಿಸಬೇಕು ಎಂದು ವಿಳಾಸ ಬರೆದೆ. ಒಳಗೆ ನಾಲ್ಕು ಸಾಲು ಕ್ಷೇಮಸಮಾಚಾರ. ಓದಿ ಹೇಳಿದೆ. ಅಯ್ಯಮ್ಮನಿಗೆ ಸಮಾಧಾನವಾಗಲಿಲ್ಲ.

"ಅವ್ರಿಗೆ ಓದಾಕ ಬರಂಗಿಲ್ರಿ. ಬ್ಯಾರೇರು ಓದಿ ಹೇಳಿದ್ರ ಖರೆ ಅಂತ ಹೆಂಗ ತಿಳೀಬೇಕು?"

ಒಂದು ಗೇಣು ಗೋಣಿ ಕತ್ತರಿಸಿದಳು. ಬಲ ತುದಿಯಿಂದ ಹೊಲಿಗೆ ಹಾಕುತ್ತ ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲಿಸಿದಳು. ಸುತಳಿಯನ್ನು ಗಂಟು ಹಾಕದೆ ಹಾಗೆಯೇ ಇಳಿಬಿಟ್ಟಳು. ಅದನ್ನು ಮಡಚಿ ಲಕೋಟೆಯಲ್ಲಿ ಹಾಕಿರಿ ಎಂದಳು. ಟಪಾಲಿನವನು ಮೂಸಿ ನೋಡಿ, ಇದೇನು ಕಸ ಎಂದು ತಕರಾರು ತೆಗೆದ. ನನ್ನ ಸಿಟ್ಟು ಜೀವಮಾನದಲ್ಲಿ ಒಮ್ಮೆ ಉಪಯೋಗಕ್ಕೆ ಬಂದದ್ದು ಅಂದೇ.

ಆ ಮಳೆಗಾಲದಲ್ಲಿ ಎರಡು ದೇಶಗಳು ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದವು ಎಂದು ರಾಯಚೂರಿನಿಂದ ಒಂದು ದಿನ ತಡವಾಗಿ ಬರುವ ಪತ್ರಿಕೆಯಲ್ಲಿ ಓದಿದೆ. "ದೊಡ್ಡವರು ದೋಸ್ತಿ ಮಾಡ್ಯಾರ. ನಿನ್ನ ಗೋಣಿ ತುಂಡಿಗೂ ದಾರಿ ಬಿಟ್ಟಾರು ಬಿಡು," ಎಂದು ಚಾಷ್ಟಿ ಮಾಡಿದೆ. ಅವಳು ಅದನ್ನು ಚಾಷ್ಟಿ ಎಂದುಕೊಳ್ಳದೆ ಆ ಪತ್ರಿಕೆಗೆ ಕೈಮುಗಿದಳು.

ಉತ್ತರ ಬರಲಿಲ್ಲ. ಆದರೆ ಲಾರಿ ಬಂದಾಗಲೆಲ್ಲ ನಾಲ್ಕೋ ಐದೋ ಚೀಲಕ್ಕೆ ನಡುಗಂಟು ಇರುತ್ತಿತ್ತು. ಅಂದು ಅಯ್ಯಮ್ಮ ಹಾಡುತ್ತ ತೇಪೆ ಹಾಕುತ್ತಿದ್ದಳು. ೧೯೫೨ರ ನಡುವಿನಲ್ಲಿ ಅದೂ ನಿಂತಿತು. ಒಂದು ಲಾರಿ, ಎರಡು, ಮೂರು. ಎಲ್ಲವಕ್ಕೂ ಮೂಲೆಯ ಗಂಟೇ. ಅವಳು ಹಾಡು ನಿಲ್ಲಿಸಿದಳು. ಹೇಳಿದರೆ ನಾಚಿಕೆ, ಆ ದಿನಗಳಲ್ಲಿ ನನಗೇ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಅವಳು ಕೇಳದೆಯೇ ಇನ್ನೊಂದು ಪತ್ರ ಬರೆದು ಹಾಕಿದೆ.

೧೯೫೩ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟರು. ಊರಿಗೆ ಊರೇ ನೀರು ನೋಡಲು ಜವಳಗೇರಾದ ಕಡೆ ಹೋಗಿದ್ದ ದಿನ ಟಪಾಲಿನವನು ಡಿಪೋಕ್ಕೆ ಬಂದ. ಉಬ್ಬಿದ ಲಕೋಟೆ, ಮೇಲೆ ಬರ್ಮಾದ ಅಂಚೆಚೀಟಿ. ಒಡೆದೆ. ಅದೇ ಗೇಣುದ್ದದ ಗೋಣಿ. ಬಲಗಡೆ ಅಯ್ಯಮ್ಮನ ಹೊಲಿಗೆ, ಎಡಗಡೆಯಿಂದ ಹೊಸ ಹೊಲಿಗೆ, ನಡುವೆ ಅವಳು ಇಳಿಬಿಟ್ಟಿದ್ದ ಸುತಳಿಗೆ ಕಟ್ಟಿದ ಗಂಟು. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಜೋರಾಗಿ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಧೂಳು ಬಿತ್ತು ಎಂದೆ. ಹುಸೇನ್‌ಸಾಬ ನಂಬಲಿಲ್ಲ.

ಜೊತೆಗೆ ತೆಲುಗಿನಲ್ಲಿ ಬರೆಸಿದ ಪತ್ರವಿತ್ತು. ಆ ಅಕ್ಷರ ನಮಗೇನು ದೂರದ್ದಲ್ಲ, ಓದಿದೆ. ಯುದ್ಧದಲ್ಲಿ ಅಂಬಪ್ಪ ಒಳನಾಡಿನ ಗಿರಣಿಯೊಂದರಲ್ಲಿ ಸಿಕ್ಕಿಕೊಂಡಿದ್ದ. ಆಮೇಲೆ ಮಸ್ಕಿಗೆ ಬರೆಸಿದ ಎರಡು ಪತ್ರ ಹಾಗೆಯೇ ಮರಳಿದ್ದವು. ರಂಗೂನಿಗೆ ಬಂದ ಮೇಲೆ, ಚೀಲ ಇಂಡಿಯಾಕ್ಕೆ ಹೋಗುತ್ತದೆ ಎಂದು ಗೊತ್ತಾದಾಗಲೆಲ್ಲ ಗಂಟನ್ನು ನಡುವೆ ಹಾಕುತ್ತಿದ್ದ. ಅಷ್ಟು ದೊಡ್ಡ ದೇಶದಲ್ಲಿ ಒಂದಾದರೂ ನಮ್ಮ ಕಡೆ ಹೋಗದೇ ಇದ್ದೀತೇ ಎಂದು ಬರೆಸಿದ್ದ. ಹಳೆಯ ಗಿರಣಿ ಮುಚ್ಚಿ ಬೇರೆ ಗಿರಣಿ ಸೇರಿದ್ದ. ಎಲ್ಲೆಲ್ಲೋ ಅಲೆದು ಗಿರಣಿ ಮುಚ್ಚಿದ ಮೇಲೆ ಬಂದ ನಮ್ಮ ಲಕೋಟೆಯನ್ನು ಅಲ್ಲಿಯ ಕಾವಲುಗಾರ ತಿಂಗಳುಗಟ್ಟಲೆ ಇಟ್ಟುಕೊಂಡು ಅವನನ್ನು ಹುಡುಕಿ ಕೊಟ್ಟಿದ್ದ.

ಬರಲು ಅಡ್ಡಿ ಒಂದೇ. ಬರ್ಮಾ ಸರಕಾರ ಅವನನ್ನು ಪರದೇಶಿ ಎನ್ನುತ್ತಿತ್ತು. ಅಲ್ಲಿಯ ಇಂಡಿಯಾ ರಾಯಭಾರ ಕಚೇರಿಯವರು, ನೀನು ಮನೆ ಬಿಟ್ಟಾಗ ನಿಜಾಮರ ಪ್ರಜೆ, ಈಗ ನಮ್ಮವನೆಂದು ಏನು ಗುರುತು ಎನ್ನುತ್ತಿದ್ದರು. ಅವನು ಮಸ್ಕಿಯವನು, ಅವನ ಹೆಂಡತಿ ಇಲ್ಲಿದ್ದಾಳೆ ಎಂದು ತಹಶೀಲ್ ಕಚೇರಿಯ ದಾಖಲೆ ಬೇಕಿತ್ತು. ಅದು ಸಿಕ್ಕರೆ ರಹದಾರಿ, ಸಿಗದಿದ್ದರೆ ಇಲ್ಲ.

ಮಸ್ಕಿ ಲಿಂಗಸುಗೂರು ತಾಲೂಕಿಗೆ ಸೇರಿದ್ದು. ಅರ್ಜಿ ತಿಂಗಳುಗಟ್ಟಲೆ ತಿರುಗಿ, ೧೯೫೪ರ ಶುರುವಿನಲ್ಲಿ ಕರೆ ಬಂತು. ನನ್ನ ಊರು, ನನ್ನ ಗುರುತಿನ ಕಚೇರಿ ಎಂದು ಜಂಬದಿಂದಲೇ ಅಯ್ಯಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಪೇಶ್ಕಾರರು ಗೋಣಿಯ ತುಂಡು ನೋಡಿ ತಲೆದೂಗಿದರು. ಆಮೇಲೆ, "ಈಕಿ ಗುರುತಿಗೆ ಸರಕಾರದ ಕಾಗದ ಏನೈತಿ?" ಎಂದರು. ಅಯ್ಯಮ್ಮ ಸೆರಗಿನ ಗಂಟು ಬಿಚ್ಚಿ ರೇಷನ್ ಕಾರ್ಡು ಮುಂದಿಟ್ಟಳು.

ನನಗೆ ಆಗ ನೆನಪಾಯಿತು.

"ಇದರಾಗ ಬೇವಾ ಅಂತ ಐತಲ್ಲ? ಬೇವಾನ ಗಂಡ ಬರ್ಮಾದಾಗ ಹೆಂಗ ಜೀವಂತ ಅದಾನಪಾ? ಯಾರು ಬರದದ್ದಿದು?"

ಅಯ್ಯಮ್ಮ ನನ್ನ ಮುಖ ನೋಡಿದಳು. "ಏನಂತ ಬರದೈತ್ರಿ, ಸ್ವಾಮ್ಯಾರ?"

ಹೇಳಿದೆ. ನಾನೇ ಬರೆದದ್ದು ಎಂದೂ ಹೇಳಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ಐದು ವರ್ಷ ಇದನ್ನ ತೋರಿಸಿ ಕಾಳು ತಂದು ಉಂಡೀನಲ್ರಿ," ಎಂದಳು, ಅಷ್ಟೇ. ಬಳೆಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ತಪ್ಪು ನನ್ನದು, ನಾನು ಬರೆದುಕೊಡುತ್ತೇನೆ ಎಂದು ಪೇಶ್ಕಾರರ ಮುಂದೆ ಗೋಗರೆದೆ. ಅದು ಸಾಲದು ಎಂದರು. ಗಂಡ ಇದ್ದಾನೆ, ಅವನ ಹೆಸರು ಇಂಥದ್ದು ಎಂದು ಹೆಂಡತಿಯೇ ತಹಶೀಲ್ದಾರ ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಬೇಕು, ಆಗ ಮಾತ್ರ ಆ ಶಬ್ದ ಹೊಡೆದುಹಾಕಬಹುದು. ದೇವಿಯ ಹೆಸರು, ಗುಡಿಯ ಹೆಸರು ನಡೆಯುವುದಿಲ್ಲ.

ಅಯ್ಯಮ್ಮ ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿ ಕೂತಳು. ಹದಿನಾರು ವರ್ಷ ಅವನನ್ನು ಕಾಯ್ದದ್ದೇ ಆ ಮೌನ. ಅದನ್ನು ಮುರಿದರೆ ಅವನು ಬರಬಹುದು. ಮುರಿದ ಪಾಪಕ್ಕೆ ಅವನಿಗೇ ಏನಾದರೂ ಆದರೆ? ಇದೆಲ್ಲ ಮೂಢನಂಬಿಕೆ ಎಂದು ಬೇರೆ ದಿನವಾದರೆ ಭಾಷಣ ಬಿಗಿಯುತ್ತಿದ್ದೆ. ಅಂದು ದೂರದಲ್ಲಿ ಚಪ್ಪಲಿ ನೋಡುತ್ತ ನಿಂತೆ.

ಕಚೇರಿ ಮುಚ್ಚುವ ಮುಂಚೆ ಅವಳು ಎದ್ದಳು. ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು. ಗೋಣಿಯ ತುಂಡು ಮುಷ್ಟಿಯಲ್ಲಿತ್ತು.

"ಗಂಡನ ಹೆಸರು?"

"ಅಂಬಪ್ಪ."

ಅಷ್ಟು ಜೋರಾಗಿ ಹೇಳಿದಳು ಎಂದರೆ ಅಂಗಳದ ಜವಾನರು ತಿರುಗಿ ನೋಡಿದರು. ಮರುಕ್ಷಣ ಗಲ್ಲ ಗಲ್ಲ ಬಡಿದುಕೊಂಡು, "ಇನ್ನೊಮ್ಮೆ ಕೇಳಬ್ಯಾಡ್ರಿ ಯಪ್ಪಾ," ಎಂದಳು. ಸಾಹೇಬರು ಕೇಳಲಿಲ್ಲ. ಬೇವಾ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು.

ಮರಳುವಾಗ ಬಸ್ಸು ಮಸ್ಕಿ ದಾಟಿತು. "ಅಯ್ಯಮ್ಮಕ್ಕಾ, ನನ್ನಿಂದ ಭಾಳ ದೊಡ್ಡ ತಪ್ಪಾತು," ಎಂದೆ. ಅಕ್ಕ ಎಂದು ಕರೆದದ್ದು ಅದೇ ಮೊದಲು. ಅವಳು, "ಅವ್ರಿಗೆ ಏನೂ ಆಗಂಗಿಲ್ಲಲ್ರಿ?" ಎಂದು ಕೇಳಿದಳು. ಏನೂ ಆಗುವುದಿಲ್ಲ ಎಂದೆ.

ಎಂದೆನೇ ಹೊರತು ಒಳಗೇ ಹೆದರಿದ್ದೆ. ಆ ವರ್ಷ ಎರಡು ಸರಕಾರಗಳು ಲಕ್ಷಗಟ್ಟಲೆ ಟನ್ ಅಕ್ಕಿಯ ಒಪ್ಪಂದ ಮಾಡಿಕೊಂಡವು. ಮಳೆಗಾಲದ ಹೊತ್ತಿಗೆ ಡಿಪೋ ತುಂಬಿ ಪಡಸಾಲೆಗೂ ಚೀಲ ಬಂದವು. ಓದಿದ ಕಾರಕೂನ ನಾನು, ಅಂಗಿಯ ತೋಳು ಮಡಚಿ ಹಮಾಲರ ನಡುವೆ ನಿಂತು ಒಂದೊಂದು ಚೀಲದ ಬಾಯಿ ನೋಡಿದೆ. ನೂರಾ ಹನ್ನೊಂದನೆಯದಕ್ಕೆ ನಡುವೆ ಗಂಟಿತ್ತು. "ಅಯ್ಯಮ್ಮಕ್ಕಾ!" ಎಂದು ನಾನು ಕೂಗಿದ ಕೂಗಿಗೆ ಹುಸೇನ್‌ಸಾಬ ಹೊತ್ತ ಚೀಲ ಕೆಳಗೆ ಬಿಟ್ಟ.

ಆ ಕಡೆ ಈ ಕಡೆ ಎಲ್ಲ ಮೊಹರು ಬೀಳಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಕಾಲುವೆಯ ಕೆಳಗೆ ಬತ್ತ ಬಂತು. ತೆಲುಗು ಸೀಮೆಯ ರೈತರು ನಾಟಿ ಹಾಕಿದರು, ನಮ್ಮವರು ನೋಡಿ ಕಲಿತರು. ಅನ್ನ ಉಂಡರೆ ಕಸುವಿಲ್ಲ ಎಂದಿದ್ದ ಸಾಲಗುಂದದವರೇ ಮಡಿ ಕಟ್ಟಿದರು. ಅಯ್ಯಮ್ಮ ಈಗ ತೇಪೆ ಹಾಕುವುದು ಬಿಟ್ಟು, ಹೊಸ ಬತ್ತದ ಕಣದಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದಳು.

೧೯೫೬ರ ಯುಗಾದಿ ಇನ್ನೂ ಮುಂದಿತ್ತು. ರಾಯಚೂರಿನ ಬಸ್ಸಿನಿಂದ, ಚೌಕಳಿ ಲುಂಗಿ ಉಟ್ಟ ನರೆತ ಕೂದಲಿನ ಗಂಡಸೊಬ್ಬ ಎಡಗೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಇಳಿದ. ನಾನು ಹೆಸರು ಕೇಳಲಿಲ್ಲ. ನೇರವಾಗಿ ಜವಳಗೇರಾದ ಕಣಕ್ಕೆ ಕರೆದೊಯ್ದೆ.

ಅಯ್ಯಮ್ಮ ನೋಡಿದಳು. ಏಳಲಿಲ್ಲ, ಅಳಲಿಲ್ಲ. ತನ್ನ ಮುಂದಿದ್ದ ಚೀಲದ ಬಾಯಿಯನ್ನು ಎರಡೂ ಕೈಯಿಂದ ನೀಟು ಮಾಡಿ, ಇನ್ನೊಂದು ದಬ್ಬಣ ಎಡ ತುದಿಯ ಕಡೆ ಸರಿಸಿದಳು. ಅಂಬಪ್ಪ ಪೆಟ್ಟಿಗೆ ಕೆಳಗಿಟ್ಟು ಅಲ್ಲಿ ಕೂತ. ಇಬ್ಬರೂ ತಲೆ ತಗ್ಗಿಸಿ ಹೊಲಿಯತೊಡಗಿದರು. ಕಣದ ಹೆಂಗಸರು ಮೊರ ನಿಲ್ಲಿಸಿ ನೋಡುತ್ತಿದ್ದರು.

ಸುತಳಿಗಳು ಹತ್ತಿರ ಬಂದಾಗ ಅವನು ಮೆಲ್ಲಗೆ ಕೇಳಿದ, "ಲಿಂಗಸುಗೂರ ಕಚೇರ್ಯಾಗ ನನ್ನ ಹೆಸರು ಹೇಳಿದ್ಯಂತಲ್ಲ?"

"ಯಾರ್ರಿ ಹೇಳಿದ್ದು?"

"ರಂಗೂನದಾಗ ಕಾಗದ ಓದಿ ಹೇಳಿದ್ರು. ನನ್ನ ಮುಂದನೂ ಒಮ್ಮೆ ಹೇಳು, ಕೇಳ್ತೀನಿ."

ಅಯ್ಯಮ್ಮ ಸೆರಗನ್ನು ಮುಂದೆಳೆದುಕೊಂಡಳು.

"ದೂರ ಇದ್ದಾಗ ಕರಿಯಾಕ ಹೆಸರು ಬೇಕಾತು. ಈಗ ಎದುರಿಗೆ ಕುಂತೀರಲ್ರಿ, ಹೆಸರ್ಯಾಕ?" ಎಂದು ತನ್ನ ಸುತಳಿಯ ತುದಿಯನ್ನು ಅವನ ಕೈಗೆ ಕೊಟ್ಟಳು. "ಗಂಟು ಹಾಕ್ರಿ."